ಮರಳು ತೂಗಿಸುತ್ತಾರೆ, ಇದೂ ಇಂಟರ್ನ್‌ಶಿಪ್ಪಾ?

ಓದುಗರ ಪ್ರಶ್ನೆಗಳಿಗೆ ಶಿವಮೊಗ್ಗದ ನಿವೃತ್ತ ಫೌಂಡ್ರಿ (ಕಬ್ಬಿಣ ಎರಕದ ಕಾರ್ಖಾನೆ) ಎಂಜಿನಿಯರ್ ಒಬ್ಬರ ಉತ್ತರ

ಪ್ರಶ್ನೆ: ಸರ್, ನಾನು ಮೆಕ್ಯಾನಿಕಲ್ ಕೊನೆಯ ವರ್ಷದ ವಿದ್ಯಾರ್ಥಿ. ಊರು ತೀರ್ಥಹಳ್ಳಿ ಹತ್ತಿರ. ಇಂಟರ್ನ್‌ಶಿಪ್‌ಗೆ ಮಾಚೇನಹಳ್ಳಿಯ ಒಂದು ಫೌಂಡ್ರಿ ಸಿಕ್ಕಿದೆ. ಸೇರಿ ಒಂದು ತಿಂಗಳ ಮೇಲಾಯಿತು. ಬೆಳಗ್ಗೆ ಸ್ಯಾಂಡ್ ಲ್ಯಾಬಿನಲ್ಲಿ ಮರಳು ತೂಗಬೇಕು, ಒಣಗಿಸಬೇಕು, ಮತ್ತೆ ತೂಗಬೇಕು, ರಿಜಿಸ್ಟರಿನಲ್ಲಿ ಬರೆಯಬೇಕು. ಮಧ್ಯಾಹ್ನ ರಿಜೆಕ್ಟ್ ಆದ ಕ್ಯಾಸ್ಟಿಂಗ್ (ಎರಕದ ತುಂಡು) ಎಣಿಸಬೇಕು. ಇಷ್ಟೇ ಕೆಲಸ. ನನ್ನ ರೂಮ್‌ಮೇಟ್ ಬೆಂಗಳೂರಿನಲ್ಲಿ ಎಸಿ ಆಫೀಸಿನಲ್ಲಿ ಕೂತು ಡಿಸೈನ್ ಮಾಡುತ್ತಿದ್ದಾನೆ. ನಾನು ಆನ್ಸಿಸ್, ಸಾಲಿಡ್‌ವರ್ಕ್ಸ್ ಎಲ್ಲ ಕಲಿತು ಇಲ್ಲಿ ಮರಳು ತೂಗುತ್ತಿದ್ದೇನೆ. ಯಾರೂ ಕೂರಿಸಿ ಹೇಳಿಕೊಡುವುದಿಲ್ಲ. ಕಾಲೇಜಿನ ಗೈಡ್ ಫೋನ್ ಮಾಡಿದಾಗಲೆಲ್ಲ ‘ಪ್ರಾಜೆಕ್ಟ್ ಏನಪ್ಪಾ?’ ಅಂತಾರೆ. ಬೇರೆ ಕಡೆ ಬದಲಾಯಿಸಿಕೊಳ್ಳಲಾ?
— ಹೆಸರು ಬೇಡ, ಶಿವಮೊಗ್ಗ

ಉತ್ತರ: ಬೇಡ. ಇರುವ ಕಡೆಯೇ ಇರಿ.

ನಿಮ್ಮ ಪತ್ರದಲ್ಲಿ ನನಗೆ ಖುಷಿ ಕೊಟ್ಟಿದ್ದು ಯಾವುದು ಗೊತ್ತಾ? ರಿಜೆಕ್ಷನ್ ಎಣಿಸಲು ಬಿಟ್ಟಿದ್ದಾರೆ ಅನ್ನುವ ಮಾತು. ಫೌಂಡ್ರಿಯಲ್ಲಿ ಅದಕ್ಕಿಂತ ಗುಟ್ಟಿನ ಜಾಗ ಬೇರೆ ಇಲ್ಲ. ಗ್ರಾಹಕ ಕಂಪನಿಯವರು ನೋಡಲು ಬಂದರೆ ಅವರನ್ನು ಲ್ಯಾಬಿಗೆ ಕರೆದುಕೊಂಡು ಹೋಗುತ್ತಾರೆ, ಹೊಸ ಮೌಲ್ಡಿಂಗ್ ಲೈನ್ ತೋರಿಸುತ್ತಾರೆ, ಕ್ಯಾಂಟೀನಿನಲ್ಲಿ ಕೂರಿಸಿ ಬಿಸಿ ಬಿಸಿ ಬಜ್ಜಿ ಕೊಡುತ್ತಾರೆ. ರಿಜೆಕ್ಷನ್ ರಾಶಿಯ ಕಡೆ ಮಾತ್ರ ತಿರುಗಿಯೂ ನೋಡಗೊಡುವುದಿಲ್ಲ. ನಿಮ್ಮನ್ನು ದಿನಾ ಅಲ್ಲೇ ನಿಲ್ಲಿಸಿದ್ದಾರೆ. ಅವರಿಗೆ ಅದೊಂದು ಬೇಜಾರಿನ ಕೆಲಸ, ಹುಡುಗ ಸಿಕ್ಕಿದ ಅಂತ ದಾಟಿಸಿದ್ದಾರೆ, ಅಷ್ಟೇ. ಆದರೂ ಲಾಭ ನಿಮ್ಮದು.

ಮೊದಲು ಮರಳಿನ ವಿಷಯಕ್ಕೆ ಬರೋಣ. ಆ ಮರಳನ್ನು ಒತ್ತಿ ಅಚ್ಚು, ಅಂದರೆ ಮೌಲ್ಡ್, ಮಾಡಿ ಅದರೊಳಗೆ ಕರಗಿದ ಕಬ್ಬಿಣ ಸುರಿಯುತ್ತಾರೆ. 50 ಗ್ರಾಂ ಮರಳು ತೂಗಿ ಒಣಗಿಸುತ್ತೀರಿ. ಮತ್ತೆ ತೂಗಿದಾಗ 48.3 ಗ್ರಾಂ ಬಂತು ಅಂತಿಟ್ಟುಕೊಳ್ಳಿ. 1.7 ಗ್ರಾಂ ನೀರು ಹೋಯಿತು, ಅಂದರೆ ತೇವ ಶೇ. 3.4. ನೀವು ಅಂಕಿ ಬರೆದು ಪುಟ ಮಗುಚುತ್ತೀರಿ. ಮಗುಚಬೇಡಿ. ಆ 3.4 ಇದ್ದದ್ದು 2.5ಕ್ಕೆ ಇಳಿದರೆ ಮೌಲ್ಡಿನ ಅಂಚು ಪುಡಿಪುಡಿ ಉದುರುತ್ತದೆ. ಉದುರಿದ ಮರಳು ಕಬ್ಬಿಣದ ಒಳಗೆ ಸೇರಿ ಮೇಲ್ಮೈಯಲ್ಲಿ ಗುಂಡಿ ಬೀಳುತ್ತದೆ. ಅದೇ 4.5ಕ್ಕೆ ಏರಿದರೆ ಕಾದ ಕಬ್ಬಿಣ ತಾಗಿದ ಕೂಡಲೇ ನೀರು ಆವಿಯಾಗುತ್ತದೆ. ಹೊರಗೆ ಹೋಗಲು ದಾರಿ ಸಿಗದಿದ್ದರೆ ಕ್ಯಾಸ್ಟಿಂಗ್ ಒಳಗೇ ಗಾಳಿಗುಳ್ಳೆಯಾಗಿ ಕೂರುತ್ತದೆ. ನೀವು ಬೆಳಗ್ಗೆ ಬರೆಯುವ ಅಂಕಿ, ಮಧ್ಯಾಹ್ನ ಎಣಿಸುವ ರಾಶಿ, ಇವೆರಡೂ ಒಂದೇ ಕತೆಯ ಎರಡು ತುದಿ. ಆ ಶೆಡ್ಡಿನಲ್ಲಿ ಎರಡೂ ತುದಿಯಲ್ಲಿ ಕೈ ಇರುವವರು ಬಹುಶಃ ನೀವೊಬ್ಬರೇ. ಲ್ಯಾಬಿನವರಿಗೆ ರಾಶಿ ನೋಡಲು ಪುರುಸೊತ್ತಿಲ್ಲ. ರಾಶಿ ಎತ್ತುವವರಿಗೆ ಲ್ಯಾಬಿನ ರಿಜಿಸ್ಟರ್ ಬೇಕಿಲ್ಲ.

ಆನ್ಸಿಸ್ ಕಲಿತಿದ್ದೀರಿ, ಒಳ್ಳೆಯದೇ. ಆದರೆ ಆ ಸಾಫ್ಟ್‌ವೇರ್ ನಿಮ್ಮನ್ನೇ ಕೇಳುತ್ತದೆ ಅಲ್ವಾ: ಸುರಿಯುವಾಗ ಉಷ್ಣತೆ ಎಷ್ಟು, ಮೌಲ್ಡ್ ತುಂಬಲು ಎಷ್ಟು ಸೆಕೆಂಡ್, ಮರಳು ಎಷ್ಟು ಬೇಗ ಶಾಖ ಎಳೆದುಕೊಳ್ಳುತ್ತದೆ ಅಂತ. ಕಾಲೇಜಿನಲ್ಲಿ ಪುಸ್ತಕ ನೋಡಿ ಒಂದು ಅಂಕಿ ತುಂಬುತ್ತಿದ್ದಿರಿ. ಇಲ್ಲಿ ಆ ಅಂಕಿ ಹುಟ್ಟುವ ಜಾಗದಲ್ಲೇ ನಿಂತಿದ್ದೀರಿ. ನಿಮ್ಮ ರೂಮ್‌ಮೇಟ್ ಎಸಿಯಲ್ಲಿ ಕೂತು ತುಂಬುತ್ತಿರುವುದು ಯಾರೋ ಹೀಗೆ ತೂಗಿ ಬರೆದ ಅಂಕಿಯನ್ನೇ. (ಎಸಿ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ಫರ್ನೇಸ್ ಎದುರು ಇಷ್ಟು ವರ್ಷ ನಿಂತವನಿಗೆ ಯಾವ ಎಸಿಯೂ ಸಾಕಾಗುವುದಿಲ್ಲ.)

ಪ್ರಾಜೆಕ್ಟ್ ಏನು ಅಂತ ಗೈಡ್ ಕೇಳುತ್ತಿದ್ದಾರಲ್ಲ, ಒಂದು ಹೇಳುತ್ತೇನೆ. ಈಗ ಮಳೆಗಾಲ. ನಿಮ್ಮ ಫೌಂಡ್ರಿಯಲ್ಲಿ ಕೋಲ್ಡ್ ಬಾಕ್ಸ್ ಕೋರ್ ಮಾಡುತ್ತಾರಾ ನೋಡಿ. ಮರಳಿಗೆ ರೆಸಿನ್ ಅನ್ನುವ ಅಂಟು ಹಾಕಿ, ಗ್ಯಾಸ್ ಹಾಯಿಸಿ ಗಟ್ಟಿ ಮಾಡುವ ವಿಧಾನ ಅದು. ಕ್ಯಾಸ್ಟಿಂಗ್ ಒಳಗೆ ಟೊಳ್ಳು ಎಲ್ಲಿ ಬೇಕೋ ಅಲ್ಲಿ ಈ ಕೋರ್ ಇಡುತ್ತಾರೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಈ ಕೋರ್ ನೀರು ಹೀರುತ್ತದೆ, ಬಲ ಕಳೆದುಕೊಳ್ಳುತ್ತದೆ. ಮಲೆನಾಡಿನ ಶ್ರಾವಣದ ಗಾಳಿ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾ? ಮನೆಯಲ್ಲಿ ಉಪ್ಪಿನ ಡಬ್ಬಿ ನೋಡಿದರೆ ಸಾಕು. ಬೇಸಿಗೆಯಲ್ಲಿ ಎರಡು ದಿನ ಇಟ್ಟರೂ ಏನೂ ಆಗದ ಕೋರ್ ಈಗ ಒಂದು ರಾತ್ರಿಗೇ ಮೂಲೆ ಬಿಡಬಹುದು. ಸುರಿಯುವಾಗ ಒಡೆಯಬಹುದು, ಇಲ್ಲವೇ ಗ್ಯಾಸ್ ಬಿಟ್ಟು ಗುಳ್ಳೆ ಮಾಡಬಹುದು.

ಇದಕ್ಕೆ ದುಡ್ಡೇನೂ ಬೇಡ. ಪ್ರತಿ ರ‍್ಯಾಕ್‌ಗೆ ಒಂದು ಚೀಟಿ ಕಟ್ಟಿ, ಕೋರ್ ಮಾಡಿದ ದಿನ, ಹೊತ್ತು ಬರೆಯಿರಿ. ಮೌಲ್ಡಿನಲ್ಲಿ ಇಟ್ಟ ಹೊತ್ತು ಬರೆಯಿರಿ. ರ‍್ಯಾಕ್ ಎಲ್ಲಿ ನಿಂತಿತ್ತು, ಶಟರ್ ಪಕ್ಕದಲ್ಲಾ, ಒಳಗಡೆ ಗೋಡೆ ಹತ್ತಿರವಾ, ಅದನ್ನೂ ಬರೆಯಿರಿ. ಲ್ಯಾಬಿನಲ್ಲಿ ಗಾಳಿಯ ತೇವ ತೋರಿಸುವ ಮೀಟರ್ ಇದ್ದರೆ ಬೆಳಗ್ಗೆ, ಸಂಜೆ ನೋಡಿ. ಆಮೇಲೆ ಮಧ್ಯಾಹ್ನದ ರಾಶಿಯಲ್ಲಿ ಗಾಳಿಗುಳ್ಳೆಯಿಂದ ಹೋದದ್ದು, ಮರಳು ಉದುರಿ ಹೋದದ್ದು, ತಣಿಯುವಾಗ ಕುಗ್ಗಿ ಗುಂಡಿ ಬಿದ್ದದ್ದು, ಕಬ್ಬಿಣದ ಎರಡು ಧಾರೆ ಕೂಡದೆ ಗೆರೆ ಬಿದ್ದದ್ದು ಅಂತ ಬೇರೆ ಬೇರೆ ಮಾಡಿ. ಎಲ್ಲವನ್ನೂ ಒಟ್ಟಿಗೆ ‘ರಿಜೆಕ್ಟ್’ ಅಂತ ಬರೆದರೆ ಏನೂ ಗೊತ್ತಾಗುವುದಿಲ್ಲ. ಗುಳ್ಳೆ ಬಿದ್ದ ತುಂಡಿನಲ್ಲಿದ್ದ ಕೋರ್ ಎಷ್ಟು ಗಂಟೆ ಹಳೆಯದು ಅಂತ ಒಂದು ಗ್ರಾಫ್ ಹಾಕಿ. ನಾನಂದುಕೊಂಡ ಹಾಗೆ ಹಳೆಯ ಕೋರೇ ಕಾರಣವಾಗಿದ್ದರೆ ಗ್ರಾಫ್ ಹೇಳುತ್ತದೆ. ಅಲ್ಲದಿದ್ದರೆ ಅದೂ ಗೊತ್ತಾಗುತ್ತದೆ. ಆಗ ನಿಮ್ಮ ತೇವದ ರಿಜಿಸ್ಟರನ್ನು ಹಿಂದಕ್ಕೆ ತಿರುವಿ ನೋಡಿ. ಗೈಡ್‌ಗೆ ಬೇಕಾದ ರಿಪೋರ್ಟ್ ಇದರಲ್ಲೇ ಆಯಿತು. ಪ್ರೊಡಕ್ಷನ್ ಮ್ಯಾನೇಜರ್ ನಿಮ್ಮನ್ನು ಹೆಸರು ಹಿಡಿದು ಕರೆಯುವುದೂ ಆವತ್ತಿನಿಂದಲೇ.

ಇನ್ನು ‘ಯಾರೂ ಹೇಳಿಕೊಡುವುದಿಲ್ಲ’ ಅನ್ನುವ ದೂರು. ನಿಜ, ಹೇಳಿಕೊಡುವುದಿಲ್ಲ. ಪ್ರೊಡಕ್ಷನ್ ಹೊತ್ತಿನಲ್ಲಿ ಸೂಪರ್‌ವೈಸರ್ ತಲೆ ಮೇಲೆ ಟಾರ್ಗೆಟ್ ಕೂತಿರುತ್ತದೆ. ‘ಸರ್, ಈ ಪ್ರೊಸೆಸ್ ಸ್ವಲ್ಪ ಎಕ್ಸ್‌ಪ್ಲೇನ್ ಮಾಡಿ’ ಅಂತ ನೀವು ಕೇಳಿದರೆ ‘ಆಮೇಲೆ ಬಾ’ ಅಂತಾರೆ. ಆ ಆಮೇಲೆ ಬರುವುದೇ ಇಲ್ಲ. ಪ್ರಶ್ನೆ ಸಣ್ಣದಿರಬೇಕು, ಅವರ ಕೈಲಿರುವ ಕೆಲಸದ ಬಗ್ಗೆ ಇರಬೇಕು. ‘ನಿನ್ನೆ ಮೂರನೇ ಹೀಟ್‌ನಲ್ಲಿ ಕೊನೇ ಎರಡು ಮೌಲ್ಡ್ ಯಾಕೆ ಬಿಟ್ರಿ?’ ಅಂತ ಕೇಳಿ ನೋಡಿ. (ಹೀಟ್ ಅಂದರೆ ಒಂದು ಸಲಕ್ಕೆ ಕರಗಿಸಿದ ಕಬ್ಬಿಣ.) ಮುಖ ತಿರುಗಿಸಿ ನಿಮ್ಮನ್ನೇ ನೋಡುತ್ತಾರೆ. ಮೆಗ್ನೀಸಿಯಂ ಹಾಕಿ ಹತ್ತು ನಿಮಿಷ ದಾಟಿತ್ತು, ಅದಕ್ಕೆ ಬಿಟ್ವಿ ಅಂತಾರೆ. ಅಲ್ಲಿಗೆ ಒಂದು ಪಾಠ ಮುಗಿಯಿತು. ಮೆಗ್ನೀಸಿಯಂ ಸುಮಾರು 1,090 ಡಿಗ್ರಿಗೇ ಕುದಿಯುತ್ತದೆ. ಕಬ್ಬಿಣ ಇರುವುದು 1,450ರ ಆಸುಪಾಸು. ಅದಕ್ಕೇ ಕಬ್ಬಿಣ ಹೊರುವ ಪಾತ್ರೆ, ಅಂದರೆ ಲ್ಯಾಡಲ್‌ನಲ್ಲಿ ಅಷ್ಟು ಬಿಳಿ ಬೆಳಕು, ಅಷ್ಟು ಹೊಗೆ. ಹಾಕಿದ ಮೇಲೂ ಅದು ಸುಮ್ನೆ ಕೂರುವುದಿಲ್ಲ, ನಿಮಿಷ ನಿಮಿಷಕ್ಕೂ ಕಳೆದುಹೋಗುತ್ತಿರುತ್ತದೆ. ಅದು ಕಡಿಮೆಯಾದರೆ ಗ್ರಾಫೈಟ್ ಗುಂಡಗೆ ಆಗುವುದಿಲ್ಲ. ಗುಂಡಗಾಗದಿದ್ದರೆ ಅದು ಎಸ್.ಜಿ. ಐರನ್ (ಗುಂಡು ಗ್ರಾಫೈಟಿನ ಎರಕದ ಕಬ್ಬಿಣ) ಅಲ್ಲ.

ಕೇಳಲು ಒಳ್ಳೆಯ ಹೊತ್ತು ಶಿಫ್ಟ್ ಬದಲಾಗುವ ಹೊತ್ತು. ಎ ಶಿಫ್ಟಿನವರು ಕೈಕಾಲು ತೊಳೆದು, ಬಸ್ಸಿಗೆ ಕಾಯುತ್ತಾ ನಿಂತಿರುತ್ತಾರೆ. ಆಗ ಮಾತು ತಾನಾಗಿ ಬರುತ್ತದೆ.

ನಮ್ಮಲ್ಲಿ ಕ್ಯಾಸ್ಟಿಂಗ್ ಉಜ್ಜಿ ಶುಚಿ ಮಾಡುವ ಫೆಟ್ಲಿಂಗ್ ವಿಭಾಗದಲ್ಲಿ ಒಬ್ಬರು ಹಿರಿಯರಿದ್ದರು. ಭದ್ರಾವತಿಯವರು. ಓದಿದ್ದು ಮಿಡ್ಲ್ ಸ್ಕೂಲು. ಕ್ಯಾಸ್ಟಿಂಗನ್ನು ಒಂದು ಕೈಯಲ್ಲಿ ತೂಗಿ ಹಿಡಿದು, ಇನ್ನೊಂದು ಕೈಯಲ್ಲಿ ಸಣ್ಣ ಸುತ್ತಿಗೆಯಿಂದ ಒಂದೇ ಏಟು ಹಾಕುತ್ತಿದ್ದರು. ತಲೆ ಎತ್ತುತ್ತಲೂ ಇರಲಿಲ್ಲ. ‘ಠಣ್’ ಅಂತ ಎಳೆದು ಬಂದರೆ ಬಲಗಡೆಗೆ. ‘ಡಬ್’ ಅಂತ ಅಲ್ಲೇ ಸತ್ತರೆ ಎಡಗಡೆಗೆ. ಎಡಗಡೆ ಬಿದ್ದದ್ದನ್ನು ಲ್ಯಾಬಿಗೆ ಕಳಿಸಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಗ್ರಾಫೈಟ್ ಗುಂಡಗೆ ಇರುತ್ತಿರಲಿಲ್ಲ. ಕಿವಿ ತಪ್ಪುತ್ತಿದ್ದದ್ದು ತೀರಾ ಅಪರೂಪ. ಹೊಸದಾಗಿ ಬಂದ ಎಂಜಿನಿಯರುಗಳು ಇದನ್ನು ಏನೋ ಮಂತ್ರವಿದ್ಯೆ ಅಂದುಕೊಳ್ಳುತ್ತಿದ್ದರು. ಮಂತ್ರ ಏನೂ ಇಲ್ಲ. ಮಾಮೂಲಿ ಎರಕದ ಕಬ್ಬಿಣವಾದ ಗ್ರೇ ಐರನ್‌ನಲ್ಲಿ ಗ್ರಾಫೈಟ್ ಪದರ ಪದರವಾಗಿ ಹರಡಿರುತ್ತದೆ, ಕಂಪನವನ್ನು ನುಂಗಿಬಿಡುತ್ತದೆ. ಗುಂಡಗಿದ್ದರೆ ನುಂಗುವುದಿಲ್ಲ. ಈಗ ಅದೇ ಕೆಲಸವನ್ನು ಅಲ್ಟ್ರಾಸಾನಿಕ್ ಯಂತ್ರ ಮಾಡುತ್ತದೆ. ಗ್ರಾಫೈಟ್ ಚೆನ್ನಾಗಿ ಗುಂಡಾಗಿದ್ದರೆ ಶಬ್ದ ಸೆಕೆಂಡಿಗೆ ಸುಮಾರು 5,500 ಮೀಟರ್ ಓಡುತ್ತದೆ. ಗ್ರೇ ಐರನ್‌ನಲ್ಲಿ 5,000ಕ್ಕಿಂತ ಕೆಳಗೆ. ನಿಮ್ಮ ವೈಬ್ರೇಶನ್ ಪುಸ್ತಕದ ಡ್ಯಾಂಪಿಂಗ್ ಅಧ್ಯಾಯ ಪೂರ್ತಿ ಆ ಸುತ್ತಿಗೆಯ ತುದಿಯಲ್ಲಿತ್ತು.

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾಯಿತು. ಕೆಮ್ಮಣ್ಣುಗುಂಡಿಯ ಅದಿರು, ನಮ್ಮ ಕಾಡಿನ ಇದ್ದಿಲು. ಆಗಿನಿಂದ ಈ ಸೀಮೆಯಲ್ಲಿ ಕಾದ ಕಬ್ಬಿಣದ ಮುಂದೆ ನಿಂತವರ ಮನೆಗಳಿವೆ. ಅಂಥ ಮನೆಯವರು ನಿಮ್ಮ ಶೆಡ್ಡಿನಲ್ಲೂ ಒಬ್ಬರಾದರೂ ಇದ್ದಾರು. ಹುಡುಕಿ, ಅವರ ಪಕ್ಕ ಊಟಕ್ಕೆ ಕೂರಿ.

ಒಂದು ಮಾತು ಮಾತ್ರ ನಿಮ್ಮ ಪರವಾಗಿ ಹೇಳಬೇಕು. ಇಡೀ ಅವಧಿ ಮರಳಿನಲ್ಲೇ ಕಳೆಯುವುದು ನ್ಯಾಯ ಅಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಸ್ಕೀಮಿನಲ್ಲಿ ಈ ಇಂಟರ್ನ್‌ಶಿಪ್ 14ರಿಂದ 20 ವಾರ. ಅಷ್ಟರಲ್ಲಿ ಅಚ್ಚಿನ ಮಾದರಿ ಮಾಡುವ ಪ್ಯಾಟರ್ನ್ ಶಾಪ್, ಮೆಲ್ಟಿಂಗ್, ಕ್ವಾಲಿಟಿ, ಮಶಿನ್ ಶಾಪ್ ನಾಲ್ಕನ್ನೂ ನೋಡಬಹುದು. ‘ಕೋರ್ ಬಗ್ಗೆ ಇಷ್ಟು ಕೆಲಸ ಮಾಡಿದ್ದೇನೆ, ಮುಂದಿನ ತಿಂಗಳಿಂದ ಮೆಲ್ಟಿಂಗ್ ಕಡೆ ಹಾಕಿ’ ಅಂತ ಎಚ್.ಆರ್.ಗೆ ಒಂದು ಪುಟದ ಪತ್ರ ಕೊಡಿ. ಗೈಡ್‌ಗೂ ಒಂದು ಪ್ರತಿ ಕಳಿಸಿ. ಬರೀ ‘ಬೋರಾಗ್ತಿದೆ’ ಅಂದರೆ ಯಾರೂ ಬದಲಾಯಿಸುವುದಿಲ್ಲ. ಮಾಡಿದ ಕೆಲಸ ಕೈಲಿಟ್ಟುಕೊಂಡು ಕೇಳಿದರೆ ಇಲ್ಲ ಅನ್ನುವುದು ಅವರಿಗೂ ಕಷ್ಟ.

ಪ್ರಶ್ನೆ: ನನ್ನ ತಂಗಿಯ ಮಗ ಕೆನಡಾದಲ್ಲಿ ಎಂಜಿನಿಯರಿಂಗ್ ಓದಲು ಹೊರಟಿದ್ದಾನೆ. ಕೋರ್ಸಿನಲ್ಲಿ ‘ಕೋ-ಆಪ್’ ಇದೆ, ನಾಲ್ಕು ತಿಂಗಳು ಓದು, ನಾಲ್ಕು ತಿಂಗಳು ಕೆಲಸ, ಆ ಸಂಬಳದಲ್ಲೇ ಫೀಸ್ ಹೊರಡುತ್ತೆ ಅಂತ ಏಜೆಂಟ್ ಹೇಳುತ್ತಿದ್ದಾರೆ. ಭಾವ ಅಡಿಕೆ ತೋಟದ ಮೇಲೆ ಸಾಲ ತೆಗೆಯಲು ತಯಾರಾಗಿದ್ದಾರೆ. ನಂಬಬಹುದಾ?
— ಓದುಗರು, ಸಾಗರ

ಉತ್ತರ: ಪದ್ಧತಿಯನ್ನು ನಂಬಬಹುದು. ಏಜೆಂಟರ ಲೆಕ್ಕವನ್ನು ನಂಬಬೇಡಿ.

ಇದು ಹಳೆಯ ಪದ್ಧತಿ. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ ಅನ್ನುವ ಮೇಷ್ಟರು 1906ರಲ್ಲಿ 27 ವಿದ್ಯಾರ್ಥಿಗಳನ್ನು ಇಟ್ಟುಕೊಂಡು ಶುರು ಮಾಡಿದರು. ಇಬ್ಬಿಬ್ಬರ ಜೋಡಿ. ಒಂದು ವಾರ ಒಬ್ಬ ಕಾರ್ಖಾನೆಯಲ್ಲಿ, ಇನ್ನೊಬ್ಬ ತರಗತಿಯಲ್ಲಿ. ಮುಂದಿನ ವಾರ ಅದಲು ಬದಲು. ಕಾರ್ಖಾನೆಯ ಕೆಲಸವೂ ನಿಲ್ಲುತ್ತಿರಲಿಲ್ಲ, ಓದೂ ನಿಲ್ಲುತ್ತಿರಲಿಲ್ಲ. ಎಂಥ ಸರಳ ಉಪಾಯ ನೋಡಿ! ಕೆನಡಾದಲ್ಲಿ ವಾಟರ್‌ಲೂ ವಿಶ್ವವಿದ್ಯಾಲಯ 1957ರಲ್ಲಿ ಹುಟ್ಟಿದ್ದೇ ಈ ಪದ್ಧತಿಯ ಮೇಲೆ. ಅಲ್ಲಿ ನಾಲ್ಕು ತಿಂಗಳ ಪಾಳಿ. ಓದು, ಕೆಲಸ ಎರಡೂ ಸೇರಿ ಎಂಜಿನಿಯರಿಂಗ್ ಡಿಗ್ರಿ ಮುಗಿಯಲು ಐದು ವರ್ಷದ ಹತ್ತಿರ ಬೇಕು. ನಮ್ಮಲ್ಲಿ ಹುಡುಗರು ಕೊನೆಯ ವರ್ಷ ಒಂದು ಸಲ ಕಾರ್ಖಾನೆ ನೋಡಿ ಬರುತ್ತಾರೆ. ಅಲ್ಲಿ ಹೋಗಿ ಕೆಲಸ ಮಾಡಿ, ತರಗತಿಗೆ ವಾಪಸ್ ಬಂದು, ಮತ್ತೆ ಹೋಗುತ್ತಾರೆ. ಆ ‘ವಾಪಸ್ ಬರುವುದು’ ಬಹಳ ದೊಡ್ಡದು. ಕೆಲಸದಲ್ಲಿ ಅರ್ಥವಾಗದ್ದನ್ನು ತಂದು ಮೇಷ್ಟರ ಮುಂದೆ ಇಡಬಹುದು.

ಈಗ ದುಡ್ಡಿನ ಮಾತು. ಕೆಲಸವನ್ನು ಕಾಲೇಜು ತಂದು ಕೈಗೆ ಕೊಡುವುದಿಲ್ಲ. ಕಂಪನಿಗಳ ಪಟ್ಟಿ ತೋರಿಸುತ್ತದೆ, ಬಯೋಡೇಟಾ ಬರೆಯಲು ಸಹಾಯ ಮಾಡುತ್ತದೆ. ಅರ್ಜಿ ಹಾಕಿ, ಇಂಟರ್‌ವ್ಯೂ ಕೊಟ್ಟು ಗಿಟ್ಟಿಸಿಕೊಳ್ಳುವುದು ಹುಡುಗನ ಕೆಲಸ. ಮೊದಲ ಪಾಳಿಯಲ್ಲಿ ಅನುಭವವಿಲ್ಲದವರಿಗೆ ಸಿಗುವುದು ಕಷ್ಟ, ಸಿಕ್ಕರೂ ಸಂಬಳ ಕಡಿಮೆ. ಇನ್ನೊಂದು ವಿಷಯ. ವೀಸಾ ಕೊಡುವಾಗ ಅಲ್ಲಿನ ಸರ್ಕಾರ ಕೇಳುವುದು, ಅಲ್ಲಿ ದುಡಿಯದೆಯೇ ಫೀಸು, ಊಟ, ಬಾಡಿಗೆಗೆ ನಿಮ್ಮ ಹತ್ತಿರ ಹಣ ಇದೆಯಾ ಅಂತ. ಕೋ-ಆಪ್ ಸಂಬಳವನ್ನು ಸರ್ಕಾರವೇ ಲೆಕ್ಕಕ್ಕೆ ಹಿಡಿಯದಿದ್ದ ಮೇಲೆ ನಿಮ್ಮ ಭಾವ ಯಾಕೆ ಹಿಡಿಯಬೇಕು? ಸಂಬಳ ಸೊನ್ನೆ ಅಂತಿಟ್ಟುಕೊಂಡು ಲೆಕ್ಕ ಹಾಕಲು ಹೇಳಿ. ಆಗಲೂ ತೂಗಿದರೆ ಕಳಿಸಲಿ. ಅಡಿಕೆಗೆ ಕೊಳೆರೋಗ ಬಂದ ವರ್ಷವನ್ನೂ ಆ ಲೆಕ್ಕದಲ್ಲಿ ಸೇರಿಸಲಿ.

ಪ್ರಶ್ನೆ: ಇಂಟರ್ನ್‌ಶಿಪ್ ಮಾಡುವವರಿಗೆ ಸ್ಟೈಪೆಂಡ್ ಕೊಡಲೇಬೇಕು ಅಂತ ಕಾನೂನು ಇದೆಯಾ? ನಮ್ಮ ಕಂಪನಿಯವರು ಊಟ ಮಾತ್ರ ಕೊಡುತ್ತಾರೆ.
— ಎಂಜಿನಿಯರಿಂಗ್ ವಿದ್ಯಾರ್ಥಿ, ಭದ್ರಾವತಿ

ಉತ್ತರ: ನೀವು ಕೇಳುತ್ತಿರುವುದು ಅಪ್ರೆಂಟಿಸ್‌ಗಳ ಕಾನೂನು. 1961ರ ಅಪ್ರೆಂಟಿಸ್ ಕಾಯ್ದೆಯಲ್ಲಿ ಕರಾರು ಬರೆದುಕೊಂಡು ಸೇರಿದವರಿಗೆ ಸ್ಟೈಪೆಂಡ್ ಕಡ್ಡಾಯ. 2019ರ ನಿಯಮದಲ್ಲಿ ಡಿಗ್ರಿಯವರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಅಂತ ಇಟ್ಟರು. ಅದು ಸಾಮಾನ್ಯವಾಗಿ ಓದು ಮುಗಿದ ಮೇಲಿನ ಮಾತು. ಕಾಲೇಜಿನ ಪತ್ರ ಹಿಡಿದು ಬಂದ ಇಂಟರ್ನ್‌ಗೆ ಅದು ಅನ್ವಯಿಸುವುದಿಲ್ಲ. ಆದರೆ ನಿಮ್ಮನ್ನು ಮಶಿನ್ ಮೇಲೆ ನಿಲ್ಲಿಸಿ ದಿನದ ಪ್ರೊಡಕ್ಷನ್ ಲೆಕ್ಕ ಕೇಳುತ್ತಿದ್ದರೆ ಅದು ಕಲಿಕೆ ಅಲ್ಲ, ಪುಕ್ಕಟೆ ದುಡಿಮೆ. ಹಾಗಿದ್ದರೆ ಕಾಲೇಜಿನ ಪ್ಲೇಸ್‌ಮೆಂಟ್ ಆಫೀಸರ್‌ಗೆ ಬರೆದು ತಿಳಿಸಿ. ಬಾಯಿಮಾತಿನಲ್ಲಿ ಹೇಳಬೇಡಿ. ಡಿಗ್ರಿ ಮುಗಿದ ಮೇಲೆ ಅದೇ ಕಂಪನಿಯಲ್ಲಿ ಅಪ್ರೆಂಟಿಸ್ ಆಗಿ ಸೇರುವ ದಾರಿಯೂ ಇದೆ. ಆಗ ಊಟದ ಜೊತೆ ದುಡ್ಡೂ ಸಿಗುತ್ತದೆ.

ಪ್ರಶ್ನೆ: ಮಗಳಿಗೆ ಶಿವಮೊಗ್ಗದಲ್ಲಿ ಒಂದು ಮಶಿನ್ ಶಾಪಿನಲ್ಲಿ ಇಂಟರ್ನ್‌ಶಿಪ್. ಹಾಸ್ಟೆಲಿನಲ್ಲಿದ್ದಾಳೆ. ರಾತ್ರಿ ಪಾಳಿಗೂ ಬರಬೇಕು ಅಂತಿದ್ದಾರಂತೆ. ಅವಳಿಗೆ ಹುಮ್ಮಸ್ಸು, ನಮಗೆ ಭಯ. ಬೇಡ ಅನ್ನಲಾ?
— ಒಬ್ಬ ತಾಯಿ, ಹೊಸನಗರ

ಉತ್ತರ: ಅಮ್ಮಾ, ನಿಮ್ಮ ಭಯಕ್ಕೂ ಅರ್ಥವಿದೆ, ಅವಳ ಹುಮ್ಮಸ್ಸಿಗೂ ಅರ್ಥವಿದೆ. 1948ರ ಕಾರ್ಖಾನೆ ಕಾಯ್ದೆ ಸಂಜೆ 7ರಿಂದ ಬೆಳಗ್ಗೆ 6ರವರೆಗೆ ಹೆಂಗಸರಿಗೆ ಕೆಲಸ ಕೊಡಬಾರದು ಅನ್ನುತ್ತಿತ್ತು. ನಮ್ಮ ರಾಜ್ಯದಲ್ಲಿ 2019ರಲ್ಲಿ ಷರತ್ತು ಹಾಕಿ ಅವಕಾಶ ಕೊಟ್ಟರು. ಹೆಂಗಸರು ಬರೆದು ಒಪ್ಪಿಗೆ ಕೊಟ್ಟಿರಬೇಕು, ಕರೆದುಕೊಂಡು ಹೋಗಿ ಬಿಡಲು ಕಂಪನಿಯ ವಾಹನ ಇರಬೇಕು, ಒಬ್ಬರೇ ಹೆಂಗಸನ್ನು ಹಾಕಬಾರದು. ಇದು ಕೆಲಸಗಾರರಿಗೆ. ನಿಮ್ಮ ಮಗಳು ಇನ್ನೂ ವಿದ್ಯಾರ್ಥಿನಿ. ಕಲಿಯಲು ಜನರಲ್ ಶಿಫ್ಟ್ ಸಾಕು. ಹೇಳಿಕೊಡುವ ಎಂಜಿನಿಯರುಗಳು ಇರುವುದೂ ಹಗಲಲ್ಲೇ. ರಾತ್ರಿ ಪಾಳಿ ಹೇಗಿರುತ್ತದೆ ಅಂತ ಅವಳಿಗೆ ನೋಡಲೇಬೇಕು ಅಂದರೆ ಒಂದೆರಡು ದಿನ ನೋಡಲಿ. ವಾಹನ ಇದೆಯಾ, ಆ ಪಾಳಿಯಲ್ಲಿ ಬೇರೆ ಹೆಂಗಸರು ಇದ್ದಾರಾ ಅಂತ ಮೊದಲು ನೀವೇ ಫೋನ್ ಮಾಡಿ ಕೇಳಿ. ಫೋನಿನಲ್ಲಿ ಸರಿಯಾಗಿ ಉತ್ತರ ಕೊಡದ ಕಂಪನಿಗೆ ರಾತ್ರಿ ಕಳಿಸಬೇಡಿ. ಇಷ್ಟನ್ನು ಅವಳ ಹತ್ತಿರ ನೇರವಾಗಿಯೇ ಹೇಳಿ. ಲೇತ್ ಮುಂದೆ ನಿಲ್ಲುವ ಹುಡುಗಿಗೆ ಸುತ್ತಿಬಳಸಿ ಹೇಳುವ ಅಗತ್ಯವಿಲ್ಲ.

ಪ್ರಶ್ನೆ: ಮುಂದಿನ ವಾರದಿಂದ ಫೌಂಡ್ರಿಯಲ್ಲಿ ಇಂಟರ್ನ್‌ಶಿಪ್. ಏನೇನು ತೆಗೆದುಕೊಂಡು ಹೋಗಬೇಕು?
— ಡಿಪ್ಲೊಮಾ ವಿದ್ಯಾರ್ಥಿ, ಸೊರಬ

ಉತ್ತರ: ಜೇಬಿಗೆ ಹಿಡಿಯುವ ನೋಟ್‌ಬುಕ್, ಪೆನ್ಸಿಲ್. ಬೆವರಿಗೆ ಪೆನ್ನು ಬರೆಯುವುದಿಲ್ಲ. ಹತ್ತಿ ಅಂಗಿ, ಹತ್ತಿ ಪ್ಯಾಂಟ್. ಟೆರಿಕಾಟ್ ಬೇಡವೇ ಬೇಡ. ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಸೇಫ್ಟಿ ಶೂ ಕಂಪನಿಯವರು ಕೊಡಬೇಕು. ಕೊಡುವವರೆಗೆ ಮೆಲ್ಟಿಂಗ್ ಕಡೆ ಕಾಲಿಡಬೇಡಿ, ಯಾರು ಕರೆದರೂ. ಪ್ಯಾಂಟಿನ ತುದಿ ಶೂ ಮೇಲೆ ಇಳಿಬಿದ್ದಿರಲಿ, ಶೂ ಒಳಗೆ ತುರುಕಬೇಡಿ. ಕಾದ ಕಬ್ಬಿಣದ ಹನಿ ಹಾರಿದರೆ ಜಾರಿ ಹೊರಗೆ ಬೀಳಬೇಕು, ಒಳಗಿಳಿಯಬಾರದು.

ಈ ದಿನಗಳಲ್ಲಿ ಎಲ್ಲಕ್ಕಿಂತ ಮುಖ್ಯ ನೀರು. ಮಳೆಯಲ್ಲಿ ನೆನೆದ ಸ್ಕ್ರ್ಯಾಪನ್ನು ಕುದಿಯುವ ಫರ್ನೇಸಿಗೆ ಹಾಕಿದರೆ ಒಳಗೆ ಸಿಕ್ಕಿದ ನೀರು ಒಮ್ಮೆಲೇ ಆವಿಯಾಗಿ ಲೋಹ ಮೇಲಕ್ಕೆ ಸಿಡಿಯುತ್ತದೆ. ಅದಕ್ಕೇ ಸ್ಕ್ರ್ಯಾಪನ್ನು ಮೊದಲು ಒಣಗಿಸುತ್ತಾರೆ, ಬಿಸಿ ಮಾಡುತ್ತಾರೆ. ಚಾರ್ಜ್ (ಕರಗಿಸುವ ಸ್ಕ್ರ್ಯಾಪ್) ಹಾಕುವಾಗ ನೀವು ಫರ್ನೇಸ್ ಪ್ಲಾಟ್‌ಫಾರ್ಮಿನ ಹತ್ತಿರ ಇರಬೇಡಿ. ಸುರಿಯುವ ಜಾಗದಲ್ಲಿ ನೆಲ ಒದ್ದೆ ಕಂಡರೆ ಕೂಡಲೇ ಸೂಪರ್‌ವೈಸರ್‌ಗೆ ಹೇಳಿ, ಸಂಕೋಚ ಬೇಡ. ಕೊಡೆ, ರೇನ್‌ಕೋಟ್ ಸೆಕ್ಯೂರಿಟಿಯವರ ಹತ್ತಿರ ಗೇಟಿನಲ್ಲೇ ಬಿಟ್ಟು ಒಳಗೆ ಹೋಗಿ.